ಐತಿಹಾಸಿಕ ನಾಟಕಗಳಲ್ಲಿ ಗುಂಡಿನ ಕಾಳಗ

ಮುಂಡರಗಿಯ ಸೀಮೆಯಲ್ಲಿ ಬೆಳೆದವರಿಗೆ ಭೀಮರಾಯನ ಹೆಸರು ಹೊಸದಲ್ಲ. ಕಿತ್ತೂರ ಚೆನ್ನಮ್ಮ, ಸಂಗೊಳ್ಳಿಯ ರಾಯಣ್ಣ, ನರಗುಂದದ ಬಾಬಾಸಾಹೇಬ ಇವರ ಕಥೆಗಳೂ ನಮ್ಮ ಮನೆಮನೆಗಳಲ್ಲಿ ಕೇಳಿಬಂದವುಗಳೇ ಆಗಿರುತ್ತವೆ. ಈ ವೀರರ ಚರಿತ್ರೆಯನ್ನು ಶಾಲೆಗಳ ಸ್ನೇಹಸಮ್ಮೇಲನಗಳಲ್ಲಿ ಆಡಿ ತೋರಿಸುವರು, ವೃತ್ತಿನಾಟಕಗಳಲ್ಲಿ ಕಾಣಿಸುವರು, 1961ರಲ್ಲಿ ಕಿತ್ತೂರ ರಾಣಿಯ ಕಥೆಯೂ 2012ರಲ್ಲಿ ರಾಯಣ್ಣನ ಕಥೆಯೂ ಚಲಚ್ಚಿತ್ರಗಳಾಗಿ ಬಂದಿರುವವು. ಇಂಥ ಕಥೆಗಳಲ್ಲಿ ಗುಂಡಿನ ಕಾಳಗವಿಲ್ಲದ್ದು ವಿರಳ. ಆ ಕಾಳಗವು ನಡೆದಂತೆಯೇ ತೋರಿಸಲ್ಪಡುವದೋ ಎಂಬ ಪ್ರಶ್ನೆಯನ್ನು ಮಾತ್ರ ಕೇಳುವವರು ಕಡಿಮೆ. ಪ್ರಶ್ನೆಯು ಕ್ಷುಲ್ಲಕವೆಂದು ಮೊದಲಿಗೆ ತೋರಬಹುದು. ಹಾಗಲ್ಲವೆಂಬದನ್ನು ವಿವರಿಸುವದೇ ಈ ಲೇಖನದ ಉದ್ದೇಶವು.

ಮೊದಲು ಆ ಕಾಲದ ಬಂದೂಕು ಎಂಥದೆಂಬದನ್ನು ತಿಳಿಯತಕ್ಕದ್ದು. 1824ರಲ್ಲಿ ಕಂಪನಿಯ ಸಿಪಾಯಿಯ ಕೈಯಲ್ಲಿದ್ದದ್ದು ಚಕಮಕಿ ಕಲ್ಲಿನ ಬಂದೂಕು. ಅದನ್ನು ಒಮ್ಮೆ ಹಾರಿಸಬೇಕಾದರೆ ಸಿಪಾಯಿಯು ಮದ್ದು ತುಂಬಿದ ಕಾಗದದ ಸುರುಳಿಯನ್ನು ಹಲ್ಲಿನಿಂದ ಹರಿದು, ಪಕ್ಕದ ಚಿಕ್ಕ ಬಟ್ಟಲಿಗೆ ಚಿಟಿಕೆ ಮದ್ದು ಹಾಕಿ ಮುಚ್ಚಿ, ಉಳಿದುದನ್ನು ನಳಿಗೆಯ ಬಾಯಿಯೊಳಗೆ ಸುರಿದು, ಗುಂಡನ್ನೂ ಕಾಗದವನ್ನೂ ಒಳಗೆ ಬಿಟ್ಟು, ಕಬ್ಬಿಣದ ಸಲಾಕೆಯಿಂದ ಜಡಿದು, ಸಲಾಕೆಯನ್ನು ಮತ್ತೆ ಸ್ಥಳಕ್ಕೆ ಸೇರಿಸಿ, ಆ ಮೇಲೆ ಗುರಿ ಹಿಡಿಯಬೇಕು. ಚೆನ್ನಾಗಿ ಕವಾಯತು ಕಲಿತವನು ಸಹ ಒಂದು ಮಿನಿಟಿಗೆ ಮೂರು ಸಲ ಹಾರಿಸಿದರೆ ಹೆಚ್ಚು. ನಳಿಗೆಯ ಒಳಮೈ ನುಣುಪಾಗಿದ್ದದರಿಂದ ನೂರು ಗಜದಾಚೆಗೆ ಒಬ್ಬ ಮನುಷ್ಯನಿಗೆ ಗುರಿಯಿಟ್ಟು ಹೊಡೆಯುವದು ಅದೃಷ್ಟದ ಮಾತಾಗಿತ್ತು. ಆದುದರಿಂದಲೇ ಸಿಪಾಯಿಗಳು ಸಾಲಾಗಿ ನಿಂತು ಕೂಡಿಯೇ ಹಾರಿಸುತ್ತಿದ್ದರು. ಹಳ್ಳಿಗಳಲ್ಲಿ ಇದಕ್ಕಿಂತಲೂ ಹಳೆಯದಾದ, ಉರಿಯುವ ಬತ್ತಿಯನ್ನು ಮುಟ್ಟಿಸಿ ಹಾರಿಸುವ ಬಂದೂಕುಗಳು ಇನ್ನೂ ಬಳಕೆಯಲ್ಲಿದ್ದವು. ಮಳೆಯಲ್ಲಿ ಬತ್ತಿ ಆರುವದು. ಕತ್ತಲೆಯಲ್ಲಿ ಅದರ ಕಿಡಿಯು ಹಿಡಿದವನನ್ನೇ ತೋರಿಸಿಕೊಡುವದು.

ಮದ್ದೆಂದರೆ ಪೆಟ್ಲುಪ್ಪು, ಇದ್ದಲಿ, ಗಂಧಕ ಇವುಗಳ ಮಿಶ್ರಣ. ಅದು ಸುಟ್ಟಾಗ ದಟ್ಟವಾದ ಬಿಳಿಯ ಹೊಗೆ ಏಳುವದು. ನಾಲ್ಕಾರು ಸಲ ಹಾರಿಸುವಷ್ಟರಲ್ಲಿ ಗಾಳಿಯಿಲ್ಲದ ದಿನ ಎದುರಿನವರು ಕಾಣದಂತಾಗುವರು. ಹೊಗೆಯಿಲ್ಲದ ಮದ್ದು ಫ್ರಾನ್ಸ ದೇಶದಲ್ಲಿ ಸಿದ್ಧವಾದದ್ದು 1884ರಲ್ಲಿ. ಹಿತ್ತಾಳೆಯ ಕಾಡತೂಸನ್ನು ಹಿಂದಿನಿಂದ ತುಂಬುವ ಬಂದೂಕುಗಳು ದಂಡುಗಳಲ್ಲಿ ಬಳಕೆಗೆ ಬಂದದ್ದು 1860ರ ನಂತರ. ಆದುದರಿಂದ ಚೆನ್ನಮ್ಮನ ಕಾಲದ ಸಿಪಾಯಿಯು ತುಂಬದೆಯೇ ಮೇಲಿಂದ ಮೇಲೆ ಹಾರಿಸುವಂತೆ ತೋರಿಸಿದರೆ, ಅದು ಮೊಮ್ಮಗನ ಬಂದೂಕನ್ನು ಅಜ್ಜನ ಕೈಗೆ ಕೊಟ್ಟಂತೆಯೇ ಸರಿ. ತೋಪಿನ ಮಾತೂ ಇದರಂತೆಯೇ. ಕೋಟೆಯ ಗೋಡೆಗೆ ಹೊಡೆಯುವ ಗುಂಡು ಸಾಮಾನ್ಯವಾಗಿ ಗಟ್ಟಿಯಾದ ಕಬ್ಬಿಣದ ಉಂಡೆ. ಅದು ಕಲ್ಲನ್ನು ಒಡೆಯುವದು, ನೆಲದ ಮೇಲೆ ಪುಟಿದು ಸಾಲಿನ ಜನರನ್ನು ಕೆಡವುವದು. ಆದರೆ ಬಿದ್ದಲ್ಲಿ ಬೆಂಕಿಯ ಮರದಂತೆ ಸಿಡಿಯುವದಿಲ್ಲ. ಸಿಡಿಯುವ ಗುಂಡುಗಳು ಇದ್ದವಾದರೂ ಅವು ಬೇರೆಯ ಜಾತಿಯವು.

ಇನ್ನು ಎರಡು ಗುಂಡುಗಳ ನಡುವಣ ಈ ಕಾಲವು ಚರಿತ್ರೆಯಲ್ಲಿ ಏನು ಮಾಡಿತೆಂಬದನ್ನು ನೋಡೋಣ. 1824ನೆಯ ಇಸವಿಯ ಅಕ್ಟೋಬರ 23ರಂದು ಧಾರವಾಡದ ಕಲೆಕ್ಟರನಾದ ಥ್ಯಾಕರೆಯು ತೋಪುಗಳೊಡನೆ ಕಿತ್ತೂರ ಕೋಟೆಯ ಮುಂದೆ ನಿಂತಿದ್ದನು. ಕೋಟೆಯವರು ಒಳಗೆ ಕುಳಿತು ಗುಂಡಿಗೆ ಗುಂಡು ಕೊಡುತ್ತ ಇರಲಿಲ್ಲ. ಬಾಗಿಲು ತೆರೆದು ಒಮ್ಮೆಲೆ ಹೊರಗೆ ನುಗ್ಗಿದರು. ಹಾರಿಸಿದ ಬಂದೂಕನ್ನು ಮತ್ತೆ ತುಂಬಲು ಹಿಡಿಯುವ ಹೊತ್ತಿನಲ್ಲಿ ಓಡುವ ಮನುಷ್ಯನು ನೂರು ಗಜ ದಾಟಬಲ್ಲನು. ಹೀಗೆ ಮೈಮೇಲೆ ಬಿದ್ದವನ ಕತ್ತಿಗೆ ಅರ್ಧ ತುಂಬಿದ ಬಂದೂಕು ಎದುರಾಗಲಾರದು. ಆ ದಿನ ಥ್ಯಾಕರೆಯು ಮಡಿದನು, ಕಂಪನಿಯ ದಂಡು ಮುರಿಯಿತು. ಡಿಸೆಂಬರದಲ್ಲಿ ಕಂಪನಿಯು ಬಹಳ ದೊಡ್ಡ ದಂಡನ್ನು ತಂದಾಗ ಕೋಟೆ ಬಿದ್ದಿತು. ಬಂದೂಕು ಬೇಗ ಬೇಗ ಹಾರುತ್ತಿತ್ತೆಂದು ಬಗೆದವನಿಗೆ ಕಿತ್ತೂರವರ ಅಂದಿನ ಓಟವು ಹುಚ್ಚು ಸಾಹಸವಾಗಿ ಕಾಣುವದು. ನಿಜವನ್ನು ತಿಳಿದವನಿಗೆ ಅದು ಲೆಕ್ಕ ಹಾಕಿದ ಶೌರ್ಯವಾಗಿ ಕಾಣುವದು.

1857ರಲ್ಲಿ ಸರಕಾರವು ಶಸ್ತ್ರಗಳನ್ನು ಒಪ್ಪಿಸಬೇಕೆಂದು ಕಾಯದೆ ಮಾಡಿತು. ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಒಪ್ಪಲಿಲ್ಲ. ಬೇಟೆಯಿಂದ ಬದುಕುವ ಜನಕ್ಕೆ ಆಯುಧವೆಂದರೆ ಒಕ್ಕಲಿಗನಿಗೆ ನೇಗಿಲು ಇದ್ದಂತೆ. ಅದೇ ನವೆಂಬರದಲ್ಲಿ ದಂಡು ಬಂದು ಊರಿಗೆ ಬೆಂಕಿಯಿಟ್ಟಿತು. ಹಿಡಿದವರಲ್ಲಿ ಹಲವರನ್ನು ಗಲ್ಲಿಗೇರಿಸಿದರು. ಆ ಹೊತ್ತಿಗೆ ದಂಡಿನ ಬಂದೂಕು ಬದಲಾಗತೊಡಗಿತ್ತು. ಚಕಮಕಿಯ ಸ್ಥಳಕ್ಕೆ ಕೇಪು ಬಂದಿತ್ತು. ಎನ್‌ಫೀಲ್ಡ ಎಂಬ, ನಳಿಗೆಯೊಳಗೆ ತಿರುಪಿನ ಗೆರೆಗಳುಳ್ಳ ಹೊಸ ಬಂದೂಕು ಬರುತ್ತಿತ್ತು. ಅದು ಮುನ್ನೂರು ಗಜದಾಚೆಗೂ ಗುರಿ ಮುಟ್ಟುವಂಥದು. ಹಳ್ಳಿಯವರ ಬತ್ತಿಯ ಬಂದೂಕಿಗೂ ಇದಕ್ಕೂ ಇದ್ದ ಅಂತರವು ಧೈರ್ಯದಿಂದ ತುಂಬಿ ಬರುವಂಥದಾಗಿರಲಿಲ್ಲ.

ಈ ಅಂತರವನ್ನು ನೆನಪಿನಲ್ಲಿಟ್ಟುಕೊಂಡು ನಮ್ಮ ಊರಿನ ಕಥೆಗೆ ಬರೋಣ. 1858ರ ಮೇ ತಿಂಗಳಲ್ಲಿ ಮುಂಡರಗಿಯ ಭೀಮರಾಯನು ಡಂಬಳದ ಖಜಾನೆಯನ್ನು ವಶಪಡಿಸಿಕೊಂಡು, ನಿಜಾಮನ ಸೀಮೆಗೆ ಸೇರಿದ್ದ ಕೊಪ್ಪಳದ ಕೋಟೆಯನ್ನು ಹಿಡಿದನು. ಜೂನ 1ರಂದು ಮೇಜರ ಹ್ಯೂಸನ ದಂಡು ಕೋಟೆಯ ಮೇಲೆ ಬಿದ್ದಿತು. ಭೀಮರಾಯನೂ ಅವನ ಜೊತೆಗಾರನಾದ ಹಮ್ಮಿಗಿಯ ಕೆಂಚನಗೌಡನೂ ಅಲ್ಲಿಯೇ ಮಡಿದರು. ಮರುದಿನ ನರಗುಂದದ ಕೋಟೆಯೂ ಬಿದ್ದಿತು. ಜೂನ 12ರಂದು ಬಾಬಾಸಾಹೇಬನನ್ನು ಬೆಳಗಾವಿಯಲ್ಲಿ ಗಲ್ಲಿಗೇರಿಸಿದರು.

ಇಷ್ಟು ಬೇಗ ಎಲ್ಲವೂ ಮುಗಿದದ್ದು ಯಾಕೆ? ರಂಗದ ಮೇಲೆ ಎರಡೂ ಕಡೆಯವರಿಗೆ ಒಂದೇ ತರದ ಬಂದೂಕು ಕೊಟ್ಟು, ಎರಡನ್ನೂ ಬೇಸರವಿಲ್ಲದೆ ಹಾರಿಸುತ್ತ ಹೋದರೆ, ನೋಡುವ ಮಗುವಿಗೆ ಒಂದೇ ಉತ್ತರ ಉಳಿಯುವದು: ನಮ್ಮವರು ಹೇಡಿಗಳಿದ್ದರು, ಇಲ್ಲವೆ ಯಾರೋ ದ್ರೋಹ ಬಗೆದರು. ದ್ರೋಹವು ಚರಿತ್ರೆಯಲ್ಲಿ ಇಲ್ಲವೆಂದಲ್ಲ. ಆದರೆ ಎಲ್ಲ ಸೋಲಿಗೂ ಅದೇ ಕಾರಣವಲ್ಲ. ಹಳೆಯ ಬಂದೂಕು, ಸಾಲದ ಮದ್ದು, ಕವಾಯತು ಕಲಿಯದ ಕೈ, ಇವುಗಳನ್ನು ಮರೆಮಾಡಿದ ನಾಟಕವು ನಾಯಕನನ್ನು ಎತ್ತಿ ಹಿಡಿಯುವ ನೆವದಲ್ಲಿ ಅವನ ಬೆನ್ನಿಗೆ ನಿಂತು ಸತ್ತ ಹೆಸರಿಲ್ಲದ ಜನರ ಮೇಲೆ ಸುಳ್ಳು ಆಪಾದನೆಯನ್ನು ಹೊರಿಸುವದು. ಅವರ ಮೊಮ್ಮಕ್ಕಳು ಇಂದಿಗೂ ಇದೇ ಊರುಗಳಲ್ಲಿ ಬಾಳುತ್ತಿರುವರೆಂಬದನ್ನು ಮರೆಯಲಾಗದು.

ನಾಟಕವು ಇತಿಹಾಸವಲ್ಲ, ಅದಕ್ಕೆ ವೇಗ ಬೇಕು, ಎಂದು ಕೆಲವರು ಹೇಳುವರು. ಮಾತು ಒಪ್ಪತಕ್ಕದ್ದೇ. ಆದರೆ ಶತ್ರು ಓಡಿ ಬರುತ್ತಿರುವಾಗ ನಡುಗುವ ಕೈಯಿಂದ ಸಲಾಕೆ ಜಡಿಯುವವನಿಗಿಂತ ಹೆಚ್ಚು ಎದೆ ಬಡಿಸುವ ನೋಟ ಯಾವದು? ಇದಕ್ಕೆ ಬೆಂಕಿಯೂ ಬೇಡ, ಸಿಡಿಮದ್ದೂ ಬೇಡ. ಕಟ್ಟಿಗೆಯ ಬಂದೂಕು, ಒಂದು ಸಲಾಕೆ, ಒಂದಿಷ್ಟು ಅಭ್ಯಾಸ ಇದ್ದರೆ ಶಾಲೆಯ ಹುಡುಗಿಯರೂ ಸತ್ಯವಾಗಿ ತೋರಿಸಬಲ್ಲರು. ಬೆಂಕಿಯ ಆಟದಿಂದ ದೂರವಿರುವದೇ ಲೇಸೆಂಬದಕ್ಕೆ ನಮ್ಮ ನಾಡಿನಲ್ಲಿಯೇ ಘೋರವಾದ ಸಾಕ್ಷಿ ಉಂಟು. 1989ರ ಫೆಬ್ರುವರಿ 8ರಂದು ಮೈಸೂರಿನ ಪ್ರೀಮಿಯರ ಸ್ಟುಡಿಯೋದಲ್ಲಿ ಟೀಪು ಸುಲ್ತಾನನ ಕಥೆಯ ದೂರದರ್ಶನ ಮಾಲಿಕೆಯ ಚಿತ್ರೀಕರಣ ನಡೆದಾಗ ಬೆಂಕಿ ಹತ್ತಿ 62 ಮಂದಿ ಪ್ರಾಣ ಕಳೆದುಕೊಂಡರು.

ಆದುದರಿಂದ ಪಾಲಕರಲ್ಲಿಯೂ, ಇಂದು ತಾಯಂದಿರಾಗಿಯೋ ಶಿಕ್ಷಕಿಯರಾಗಿಯೋ ಇರುವ ಮಾಜಿ ವಿದ್ಯಾರ್ಥಿನಿಯರಲ್ಲಿಯೂ ಒಂದು ವಿಜ್ಞಾಪನೆ. ಇಂಥ ನಾಟಕವನ್ನಾಗಲಿ ಚಿತ್ರವನ್ನಾಗಲಿ ಮಕ್ಕಳೊಡನೆ ನೋಡುವಾಗ ಮೂರು ಪ್ರಶ್ನೆಗಳನ್ನು ಕೇಳಿರಿ: ಇದು ಯಾವ ಇಸವಿಯ ಕಥೆ? ಆಗ ಯಾರ ಕೈಯಲ್ಲಿ ಯಾವ ಬಂದೂಕು ಇತ್ತು? ಮೊದಲ ಗುಂಡು ಹಾರಿದ ಮೇಲೆ ಎರಡನೆಯದಕ್ಕೆ ಎಷ್ಟು ಹೊತ್ತು ಬೇಕಾಗಿತ್ತು? ಮೂರನೆಯದಕ್ಕೆ ಉತ್ತರ ತಿಳಿದ ಮಗುವು ಕೊಪ್ಪಳದಲ್ಲಿ ಮಡಿದವರನ್ನು ಹೇಡಿಗಳೆಂದು ಎಂದಿಗೂ ಅನ್ನಲಾರದು.