ಚಾಕೊಲೇಟ್ ಕೊಟ್ಟರೆ ಹೋಂವರ್ಕ್ ಹೊತ್ತಿಗೆ ಮುಗಿದೀತೇ?

ಪ್ರಶ್ನೆ: ನಾಲ್ಕನೇ ತರಗತಿಯ ಮಗಳು ಹೋಂವರ್ಕ್ ಮುಗಿಸಿದ ದಿನ ಚಾಕೊಲೇಟ್ ಕೊಡುತ್ತೇನೆ. ಇದು ಸರಿಯೇ?

ಉತ್ತರ: ಕೆಲವು ದಿನ ಫಲ ಕಾಣಬಹುದು, ಆದರೆ ಅದನ್ನೇ ನೆಚ್ಚಿಕೊಳ್ಳಬೇಡಿ. ಮನಶ್ಶಾಸ್ತ್ರಜ್ಞ ಮಾರ್ಕ್ ಲೆಪ್ಪರ್ ಮತ್ತು ಸಂಗಡಿಗರು 1973ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಚಿತ್ರ ಬಿಡಿಸುವುದನ್ನು ಇಷ್ಟಪಡುತ್ತಿದ್ದ ಅಮೆರಿಕದ ಪುಟ್ಟ ಮಕ್ಕಳಿಗೆ ಬಹುಮಾನದ ಆಸೆ ತೋರಿಸಿ ಅವರಿಂದ ಚಿತ್ರ ಬರೆಸಿದರು. ಮುಂದೆ ಬಹುಮಾನವಿಲ್ಲದಾಗ ಆ ಮಕ್ಕಳ ಆಸಕ್ತಿ ಕುಗ್ಗಿತ್ತು. ಹೋಂವರ್ಕ್ ಯಾವ ಮಗುವಿಗೆ ತಾನೇ ಇಷ್ಟ, ಕುಗ್ಗಲು ಅಲ್ಲಿ ಆಸಕ್ತಿಯಾದರೂ ಎಲ್ಲಿದೆ ಎಂದು ನೀವು ಕೇಳಬಹುದು. ನ್ಯಾಯವಾದ ಆಕ್ಷೇಪವೇ. ಬೇಸರದ ಕೆಲಸಕ್ಕೆ ಆರಂಭದಲ್ಲಿ ಸಣ್ಣ ಆಮಿಷ ತಪ್ಪಲ್ಲ. ಆದರೆ ಎಷ್ಟೋ ಸಲ ತಡವಾಗುವುದು ಯಾವಾಗ ಕೂರಬೇಕೆಂಬುದೇ ತೀರ್ಮಾನವಾಗದೆ. ಮನಶ್ಶಾಸ್ತ್ರಜ್ಞರಾದ ಪೀಟರ್ ಗೋಲ್‌ವಿಟ್ಸರ್ ಮತ್ತು ವೆರೋನಿಕಾ ಬ್ರಾಂಡ್‌ಸ್ಟೆಟರ್ 1997ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಕ್ರಿಸ್‌ಮಸ್ ರಜೆಯಲ್ಲಿ ವರದಿ ಬರೆಯಬೇಕಿದ್ದ ವಿದ್ಯಾರ್ಥಿಗಳ ಪೈಕಿ, ಎಲ್ಲಿ, ಯಾವಾಗ ಬರೆಯುತ್ತೇವೆಂದು ಮೊದಲೇ ಗೊತ್ತುಮಾಡಿಕೊಂಡವರು ಉಳಿದವರಿಗಿಂತ ಬಹಳ ಹೆಚ್ಚಿನ ಸಂಖ್ಯೆಯಲ್ಲಿ ಹೊತ್ತಿಗೆ ಮುಗಿಸಿದರು. ಅವರು ದೊಡ್ಡವರು, ನಿಜ. ನಿಮ್ಮ ಮಗಳಿಗೆ ಪಕ್ಕದಲ್ಲಿ ಕೂತು ನೆನಪಿಸುವವರು ಬೇಕು. ಆದರೂ ಹೊತ್ತನ್ನೂ ಜಾಗವನ್ನೂ ಅವಳೇ ಆರಿಸಲಿ: ಉದಾಹರಣೆಗೆ, ಸಂಜೆ ಹಾಲು ಕುಡಿದ ಕೂಡಲೇ, ನಡುಮನೆಯ ಚಾಪೆಯ ಮೇಲೆ. ಹಾಗೆ ಕೂತರೂ ಮುಗಿಯದಿದ್ದರೆ ಮಗುವನ್ನು ಗದರದೆ ಕೆಲಸದ ಹೊರೆಯನ್ನು ನೋಡಿ. ಕೇಂದ್ರದ 2020ರ ಶಾಲಾ ಬ್ಯಾಗ್ ನೀತಿಯ ಪ್ರಕಾರ ಮೂರರಿಂದ ಐದನೇ ತರಗತಿಯವರೆಗೆ ಹೋಂವರ್ಕ್ ವಾರಕ್ಕೆ 2 ಗಂಟೆ ಮೀರಬಾರದು. ದಿನವೂ ಅಷ್ಟು ಹೊತ್ತು ಹಿಡಿಯುತ್ತಿದ್ದರೆ, ಶಿಕ್ಷಕರೊಡನೆ ಸಂಕೋಚವಿಲ್ಲದೆ ಮಾತಾಡಿ.