ಮೂರು ಗಾಲಿಯ ಜಾರುಬಂಡಿ

ಬಂಡಿ ಜಾರಬಾರದೆಂದೇ ಮನುಷ್ಯನು ಗಾಲಿಗೆ ರಬ್ಬರು ಹೊದಿಸಿದನು. ಆ ರಬ್ಬರಿನ ಮೇಲೆ ಗೀರುಗಳನ್ನು ಕೊರೆದನು. ಹೀಗಿರುವಾಗ ಜಾರುವುದಕ್ಕೆಂದೇ ಒಂದು ಬಂಡಿ ಕಟ್ಟಬೇಕೆಂದು ನನ್ನ ಮಗ ಬಂದು ನಿಂತಾಗ ನನಗೆ ನಗು ಬಂದುದರಲ್ಲಿ ಆಶ್ಚರ್ಯವಿಲ್ಲ. ಅದು 2024ರ ಮಾರ್ಚ್ ತಿಂಗಳು. ಅವನ ಪ್ರಥಮ ಪಿ.ಯು.ಸಿ. ಪರೀಕ್ಷೆ ಆಗತಾನೆ ಮುಗಿದಿತ್ತು. “ಡ್ರಿಫ್ಟ್ ಟ್ರೈಕ್ ಅಪ್ಪ, ಎಲೆಕ್ಟ್ರಿಕ್ಕು” ಎಂದ. ನಾನು ವೃತ್ತಿಯ ಅಭ್ಯಾಸಬಲದಿಂದ “ಅದಕ್ಕೆ ಕನ್ನಡದಲ್ಲಿ ಏನೆನ್ನುವೆ?” ಎಂದೆ. ಅವನು ಸುಮ್ಮನೆ ಎದ್ದುಹೋದ. ಆ ಒಂದು ವರ್ಷದಲ್ಲಿ ನಮ್ಮಿಬ್ಬರ ಮಾತುಕತೆಯೆಲ್ಲ ಹೀಗೆಯೇ ಮುಗಿಯುತ್ತಿತ್ತೆಂಬುದನ್ನು ವಾಚಕರಿಂದ ಮುಚ್ಚಿಡುವುದೇಕೆ?

ಬಂಡಿಯ ಮರ್ಮ ಇಷ್ಟೆ. ಮುಂದಿನದು ಸೈಕಲ್ಲಿನ ಚಕ್ರ. ಅದರ ಗುಂಭದಲ್ಲೇ ವಿದ್ಯುತ್ ಮೋಟಾರು ಅಡಗಿದೆ. ಹಿಂದಿನವೆರಡು ಪುಟ್ಟ ಚಕ್ರಗಳು. ಅವುಗಳ ಟೈರಿಗೆ ನುಣುಪಾದ ಪಿ.ವಿ.ಸಿ. ಪೈಪಿನ ಬಳೆ ತೊಡಿಸಿರುತ್ತದೆ. ರಬ್ಬರು ನೆಲವನ್ನು ಹಿಡಿದೆಳೆಯುತ್ತದೆ. ಪ್ಲಾಸ್ಟಿಕ್ಕಿಗೆ ನೆಲದ ಹಿಡಿತವಿಲ್ಲ. ತಿರುವಿನಲ್ಲಿ ಬಾಲವು ಹೊರಕ್ಕೆ ಬೀಸಿಹೋಗುತ್ತದೆ. ಸವಾರನು ತಿರುವಿಗೆ ವಿರುದ್ಧವಾಗಿ, ಜಾರಿದ ಕಡೆಗೇ ಹ್ಯಾಂಡಲ್ಲು ತಿರುಗಿಸಿ ಅದನ್ನು ಸಂಭಾಳಿಸುತ್ತಾನೆ. ಮಕ್ಕಳ ಜಾರುಬಂಡಿಗೆ ಚಕ್ರ ಮೂಡಿದಂತೆ!

ನಾನು ಹಾಕಿದ ಮಿತಿ ರೂ. 12,000. ನಮ್ಮ ಹಾಸನದಲ್ಲಿ ಸಿಕ್ಕುವುದು ಸಿಕ್ಕಿತು. ಉಳಿದುದಕ್ಕೆ ಬೆಂಗಳೂರಿನ ಎಸ್.ಪಿ. ರಸ್ತೆಯನ್ನು ಒಂದು ದಿನವೆಲ್ಲ ಅಲೆದೆವು. ಯಾರೋ ಬಿಸುಟ ವಿದ್ಯುತ್ ಸೈಕಲ್ಲಿನ 36 ವೋಲ್ಟ್, 250 ವ್ಯಾಟ್ ಮೋಟಾರಿನ ಚಕ್ರ, ಕಂಟ್ರೋಲರು, ಥ್ರಾಟಲ್ ಎಲ್ಲ ಸೇರಿ ರೂ. 4,500. ಹಿಂಬದಿಗೆ ಗೋದಾಮಿನ ಕೈಗಾಡಿಯ ಹತ್ತಂಗುಲದ ಗಾಳಿಚಕ್ರಗಳೆರಡು, ರೂ. 900. ಆಸನಕ್ಕೆ ಕಾಲು ಮುರಿದ ನಮ್ಮ ಮನೆಯ ಪ್ಲಾಸ್ಟಿಕ್ ಕುರ್ಚಿಯೇ ಸಾಕಾಯಿತು.

ತೊಡಕು ಬಂದದ್ದು ಮುಂದಿನ ಫೋರ್ಕಿನಲ್ಲಿ. ಈಗಿನ ಸೈಕಲ್ಲುಗಳ ಅಲ್ಯೂಮಿನಿಯಂ ಫೋರ್ಕು ಮೋಟಾರಿನ ತಿರುಚಿಗೆ ಬಿರುಕು ಬಿಡಬಹುದು, ಹಳೆಯ ಉಕ್ಕಿನದಾದರೆ ಸುಲಭವಾಗಿ ಮುರಿಯದು ಎಂದು ವೆಲ್ಡಿಂಗ್ ಅಂಗಡಿಯವರು ಹೇಳಿದರು. ಮಗ ನನ್ನ ಮುಖ ನೋಡಿದ. ಹಳ್ಳಿಯ ಮನೆಯ ಕೊಟ್ಟಿಗೆಯಲ್ಲಿ ನಮ್ಮ ತಂದೆಯ ಸೈಕಲ್ಲು ಒರಗಿತ್ತು. ಪ್ರಾಥಮಿಕ ಶಾಲೆಯ ಉಪಾಧ್ಯಾಯರಾಗಿದ್ದ ಅವರು ಮೂರು ಊರುಗಳ ಮಣ್ಣಿನ ದಾರಿಯನ್ನು ಅದರ ಮೇಲೆಯೇ ಸವೆಸಿದವರು. ಅವರು ತೀರಿಹೋಗಿ ಒಂಬತ್ತು ವರ್ಷ; ಅಷ್ಟು ದಿನವೂ ಅದರ ಧೂಳು ಒರೆಸದವನು ನಾನು. ಆದರೂ ಕತ್ತರಿಸುವುದೆಂದೊಡನೆ ನನಗೆ ಸಿಟ್ಟು ಬಂದಿತು. ಮಗ ಬೇಡವೆಂದೂ ಹೇಳಲಿಲ್ಲ, ಬೇಕೆಂದೂ ಹೇಳಲಿಲ್ಲ. ಕೊನೆಗೆ ಅಮ್ಮನನ್ನು ಕೇಳಿದೆ. ಆಕೆ ಬತ್ತಿ ಹೊಸೆಯುತ್ತ ಕುಳಿತಿದ್ದರು, ತಲೆಯೆತ್ತದೆ, “ಬೆಲ್ಲು ಬಿಚ್ಚಿ ನನಗೆ ಕೊಟ್ಟುಬಿಡು. ಮಿಕ್ಕಿದ್ದು ಅವನಿಗೆ ಕೊಡು” ಎಂದರು.

ಹಳೆಯ ಫೋರ್ಕಿನ ಗಾಡಿ ಮೋಟಾರಿನ ಅಚ್ಚಿಗೆ ಕಿರಿದಾಯಿತು. ಅಚ್ಚಿನ ಚಪ್ಪಟೆಯ ಅಗಲ 10 ಮಿಲಿಮೀಟರು. ಗಾಡಿಯನ್ನು ಅಷ್ಟಕ್ಕೇ ಅರದಿಂದ ಉಜ್ಜಬೇಕು. ಆ ಕೆಲಸ ನನಗೇ ಇರಲಿ ಎಂದೆ. ತಂದೆಯ ವಸ್ತುವನ್ನು ಪರರ ಕೈಗೆ ಒಪ್ಪಿಸಲಾರದ ಹುಚ್ಚು ಅದು. ಎರಡು ಸಂಜೆ ಉಜ್ಜಿದೆ. ಕೂದಲೆಳೆಯಷ್ಟು ಹೆಚ್ಚಾಗಿಯೇ ಉಜ್ಜಿದೆ. ಅದರ ಫಲವನ್ನು ಮುಂದೆ ಹೇಳುತ್ತೇನೆ.

ತಂತಿಗಳ ವಿಷಯದಲ್ಲಿ ಮಾತ್ರ ನನ್ನ ವಿದ್ಯೆ ಕೆಲಸಕ್ಕೆ ಬಂದಿತು. ಮೋಟಾರಿನಿಂದ ಮೂರು ದಪ್ಪ ತಂತಿಗಳು ಹೊರಡುತ್ತವೆ: ಹಳದಿ, ಹಸಿರು, ನೀಲಿ. ಚಕ್ರದ ನೆಲೆಯನ್ನು ತಿಳಿಸುವ ಹಾಲ್ ಸಂವೇದಕಗಳ ಸಣ್ಣ ತಂತಿಗಳು ಬೇರೆ. ಬಣ್ಣಕ್ಕೆ ಬಣ್ಣ ಕೂಡಿಸಿದರೆ ಚಕ್ರ ಚಳಿಜ್ವರ ಬಂದಂತೆ ನಡುಗಿತು. ಮಗ ಮನಬಂದಂತೆ ಅದಲುಬದಲು ಮಾಡಿ, ಮಾಡಿದ್ದನ್ನೇ ಮತ್ತೆ ಮಾಡಿ ಬೇಸತ್ತ. ನಾನು ಛಂದಸ್ಸಿನ ತರಗತಿಯಲ್ಲಿ ಪ್ರಸ್ತಾರ ಹಾಕುವವನು. ಲಘು ಗುರುಗಳ ಮೂರು ಸ್ಥಾನಕ್ಕೆ ಎಂಟು ಗಣ. ಬೇರೆ ಬೇರೆಯಾದ ಮೂರು ತಂತಿಗೆ ಆರೇ ಕ್ರಮ. ಸಣ್ಣ ತಂತಿಗಳನ್ನು ಮುಟ್ಟದಿರೆಂದು ಹೇಳಿ, ಆರನ್ನೂ ಕಾಗದದ ಮೇಲೆ ಬರೆದುಕೊಟ್ಟೆ. ಐದನೆಯದರಲ್ಲಿ ಚಕ್ರ ಸದ್ದಿಲ್ಲದೆ ತಿರುಗಿತು. ಮಗ ಆ ಕಾಗದವನ್ನು ಮಡಿಸಿ ಜೇಬಿಗಿಟ್ಟುಕೊಂಡ. ನಾನು ನೋಡದವನಂತೆ ಇದ್ದೆ.

ಬ್ಯಾಟರಿಯಲ್ಲಿ ಮೋಸಹೋದೆವು. ಉಳಿತಾಯದ ಆಸೆಯಿಂದ ರೂ. 1,500ಕ್ಕೆ ಬಳಸಿದ 12 ವೋಲ್ಟಿನ ಮೂರನ್ನು ಕೊಂಡಿದ್ದೆವು. ಸುಮ್ಮನಿದ್ದಾಗ ಮೀಟರಿನಲ್ಲಿ ಮೂರೂ ಸಾಧುಗಳೇ. ಭಾರ ಬಿದ್ದೊಡನೆ ಒಂದು 7 ವೋಲ್ಟಿಗೆ ಕುಸಿಯಿತು, ಕಂಟ್ರೋಲರು ಇಡೀ ಗಾಡಿಯನ್ನೇ ನಿಲ್ಲಿಸಿತು. ಸಾಲಾಗಿ ಕಟ್ಟಿದಾಗ ದುರ್ಬಲನ ಶಕ್ತಿಯೇ ಎಲ್ಲರ ಶಕ್ತಿ. 12 ಆಂಪಿಯರ್-ಗಂಟೆಯ ಹೊಸ ಬ್ಯಾಟರಿಗಳಿಗೆ ರೂ. 5,100 ತೆತ್ತೆವು. ಲೆಕ್ಕದಲ್ಲಿ 432 ವ್ಯಾಟ್-ಗಂಟೆ. ಆದರೆ ಸೀಸದ ಬ್ಯಾಟರಿ ಅವಸರದಿಂದ ಕೇಳಿದರೆ ಕಡಮೆ ಕೊಡುತ್ತದೆ. ನಮಗೆ ದಕ್ಕಿದ್ದು ಮುಕ್ಕಾಲು ಗಂಟೆಯ ಓಟ. ಈ ನಡುವೆ ಮಗ, ಅಚ್ಚು ತಿರುಗದಂತೆ ಹಿಡಿಯುವ ಒಂದು ಉಕ್ಕಿನ ತೋಳು ಬೇಕು, ಆರು ನೂರು ರೂಪಾಯಿ ಎಂದ. ಮಿತಿ ದಾಟಿದ್ದ ಕೋಪದಲ್ಲಿ ನಾನು ಆಗದು ಎಂದುಬಿಟ್ಟೆ.

ರಸ್ತೆಯಲ್ಲಿ ಇದನ್ನು ಓಡಿಸುವಂತಿಲ್ಲ. 250 ವ್ಯಾಟ್, ಗಂಟೆಗೆ 25 ಕಿ.ಮೀ. ಒಳಗಿನ ವಾಹನಕ್ಕೆ ಕಾನೂನಿನ ವಿನಾಯಿತಿ ಇದ್ದರೂ ಅದು ಪರೀಕ್ಷೆಗೊಂಡು ಒಪ್ಪಿಗೆ ಪಡೆದ ಮಾದರಿಗಳಿಗೆ. ಕುರ್ಚಿ ಕಟ್ಟಿದ ನಮ್ಮ ಬಂಡಿಗಲ್ಲ. ಸಕಲೇಶಪುರದ ಬಳಿ ಮಿತ್ರರೊಬ್ಬರ ಕಾಫಿ ತೋಟವಿದೆ. ಕೊಯ್ಲು ಮುಗಿದು ಕಾಫಿ ಒಣಗಿಸುವ ಸಿಮೆಂಟಿನ ಕಣ ಖಾಲಿ ಬಿದ್ದಿತ್ತು. ಏಪ್ರಿಲ್ಲಿನ ಒಂದು ಭಾನುವಾರ ಅಲ್ಲಿಗೆ ಒಯ್ದೆವು.

ಮಗ ಹೆಲ್ಮೆಟ್ಟು ಧರಿಸಿ ಕುಳಿತು ಥ್ರಾಟಲ್ ತಿರುವಿದ. ಬಂಡಿ ಹತ್ತು ಮಾರು ಹೋಗಿರಬೇಕು; ಲಟಕ್ಕೆಂದು ಸದ್ದಾಯಿತು. ಮೋಟಾರು ಚಕ್ರವನ್ನು ಮುಂದಕ್ಕೆ ತಿರುಗಿಸಿದಷ್ಟೇ ಬಲವಾಗಿ ಅಚ್ಚನ್ನು ಹಿಂದಕ್ಕೆ ತಿರುಚುತ್ತದೆ. ನಾನು ಸಡಿಲಗೊಳಿಸಿದ್ದ ಗಾಡಿಯಲ್ಲಿ ಅಚ್ಚು ಹೊರಳಿ, ನಟ್ಟು ಕಳಚಿ, ತಂತಿಗಳನ್ನು ಸುತ್ತಿ ಕಿತ್ತುಹಾಕಿತ್ತು. ಚಕ್ರ ಫೋರ್ಕಿನ ತುದಿಗೆ ಬಂದು ನಿಂತಿತ್ತು. ಇನ್ನು ಅರ್ಧ ಅಂಗುಲ ಜರುಗಿದ್ದರೆ ಹುಡುಗ ಮುಖ ಕೆಳಗಾಗಿ ಸಿಮೆಂಟಿನ ಮೇಲೆ ಬೀಳುತ್ತಿದ್ದ. ಅವನು ನನ್ನನ್ನು ಒಂದು ಮಾತೂ ಅನ್ನಲಿಲ್ಲ. “ತಪ್ಪು ನನ್ನದು. ಉಜ್ಜಿದ್ದೂ ನಾನು, ಬೇಡವೆಂದದ್ದೂ ನಾನು” ಎಂದೆ. ಮಗನಿಗೆ ಹಾಗೆ ಹೇಳಿದ್ದು ನನ್ನ ನೆನಪಿನಲ್ಲಿ ಅದೇ ಮೊದಲು.

ಪೇಟೆಯಲ್ಲಿ ಅವನೇ ಉಪಾಯ ಕಂಡುಹಿಡಿದ. 10-11ರ ಸ್ಪ್ಯಾನರು ಎರಡು ಕೊಂಡೆವು. ಹತ್ತರ ಬಾಯಿ ಅಚ್ಚಿನ ಚಪ್ಪಟೆಯನ್ನು ಬಿಗಿಯಾಗಿ ಕಚ್ಚಿತು. ಇನ್ನೊಂದು ತುದಿಯನ್ನು ಫೋರ್ಕಿಗೆ ಹೋಸ್ ಕ್ಲಿಪ್ಪಿನಿಂದ ಬಿಗಿದೆವು. ಕಿತ್ತ ತಂತಿಗಳನ್ನು ಬೆಸೆಯಲು ಒಂದು ವಾರ ಹಿಡಿಯಿತು. ಬ್ರೇಕು ಹಿಡಿದೊಡನೆ ಮೋಟಾರಿಗೆ ವಿದ್ಯುತ್ತು ನಿಲ್ಲುವ ಗುಂಡಿಯನ್ನೂ ಈ ಸಲ ಹಾಕಿಸಿದೆ. ಒಟ್ಟು ಖರ್ಚು ರೂ. 16,000 ದಾಟಿತು.

ಎರಡನೆಯ ಭಾನುವಾರ ಬಂಡಿ ಓಡಿತು. ಕಣದ ಮೂಲೆಯಲ್ಲಿ ಅವನು ಹ್ಯಾಂಡಲ್ಲು ಒತ್ತಿ ತಿರುಗಿಸಿದ. ಪ್ಲಾಸ್ಟಿಕ್ಕು ಸಿಮೆಂಟಿನ ಮೇಲೆ ಕಿವಿ ಕಿವುಡಾಗುವಂತೆ ಕಿರುಗುಟ್ಟಿತು. ಬಾಲ ಅರ್ಧಚಂದ್ರಾಕಾರವಾಗಿ ಬೀಸಿ ಬಂದಿತು. ಎಷ್ಟೋ ಸುತ್ತುಗಳಾದ ಮೇಲೆ ನನ್ನನ್ನೂ ಕೂರಿಸಿದ. ನಾನು ಜಾರಿದ ಕಡೆಗೆ ತಿರುಗಿಸುವ ಬದಲು ಉಲ್ಟಾ ತಿರುಗಿಸಿ ಎರಡು ಬಾರಿ ಗಿರಕಿ ಹೊಡೆದು, ಕಣದ ಅಂಚಿನ ತರಗೆಲೆಗಳಲ್ಲಿ ನಿಂತೆ. ಮಗ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. “ಕನ್ನಡದಲ್ಲಿ ಏನಂತೀಯಪ್ಪ ಇದಕ್ಕೆ?” ಎಂದ.

ಮಧ್ಯಾಹ್ನದ ಹೊತ್ತಿಗೆ ಎಡಗಾಲಿಯ ಬಳೆ ಸವೆದು ಸೀಳಿತ್ತು. ಟೈರಿನ ಗಾಳಿ ತೆಗೆದು, ಹೊಸ ಪೈಪಿನ ತುಂಡಿನೊಳಗೆ ತೂರಿಸಿ, ಮತ್ತೆ ಗಾಳಿ ತುಂಬಿದರೆ ಬಳೆ ಬಿಗಿಯುತ್ತದೆ. ಅವನು ಪೈಪು ಹಿಡಿದ, ನಾನು ಪಂಪು ಹೊಡೆದೆ.