ಬಿ.ಎಂ.ಸಿ. ವರದಿ ಎಲ್ಲಿ ತೆರೆದರೂ ಓದುವಂತಿರಲಿ

ಹಳ್ಳಿಯ ಬಿ.ಎಂ.ಸಿ. ಕೇಂದ್ರವೆಂದರೆ ಒಂದು ಪುಟ್ಟ ಕಾರ್ಖಾನೆಯೇ ಸರಿ. ಕಂಪ್ರೆಸರ್, ಹಾಲು ಕಲಕುವ ಮೋಟಾರು, ಜನರೇಟರ್, ಉಷ್ಣಾಂಶದ ಮೀಟರ್ ಎಲ್ಲವೂ ಅಲ್ಲಿವೆ. ಆದರೆ ಇವುಗಳನ್ನು ರಿಪೇರಿ ಮಾಡಬಲ್ಲ ತಂತ್ರಜ್ಞರು ಇರುವುದು ದೂರದ ಡೇರಿಯಲ್ಲಿ. ಯಂತ್ರದ ಸ್ಥಿತಿ ಅವರಿಗೆ ತಿಳಿಯುವುದು ಕೇಂದ್ರ ನೋಡಿಕೊಳ್ಳುವ ಸಹೋದರಿ ಅಥವಾ ಕಾರ್ಯದರ್ಶಿ ಬರೆದು ಕಳಿಸುವ ವರದಿಯಿಂದ.

ಈ ವರದಿಗೆ ಎಷ್ಟು ಬೆಲೆ ಇದೆ ನೋಡಿ. ಕೆಚ್ಚಲಿನಿಂದ ಬರುವ ಹಾಲು ಸುಮಾರು 37 ಡಿಗ್ರಿ ಬಿಸಿ ಇರುತ್ತದೆ. ಅದು ಬೇಗ 4 ಡಿಗ್ರಿಗೆ ಇಳಿಯದಿದ್ದರೆ ಸೂಕ್ಷ್ಮಾಣುಗಳು ಬೆಳೆದು ಹಾಲು ಹುಳಿಯಾಗುತ್ತದೆ. ಟ್ಯಾಂಕರಿನ ಹಾಲು ತಿರಸ್ಕೃತವಾದಾಗ, ಕರೆಂಟು ಹೋಗಿತ್ತೇ, ಜನರೇಟರ್ ಹತ್ತಲಿಲ್ಲವೇ, ಹಾಲು ಬರುವಾಗಲೇ ಕೆಟ್ಟಿತ್ತೇ ಎಂದು ಹೇಳಲು ಬರಹದ ದಾಖಲೆ ಬೇಕು. ಇಲ್ಲದಿದ್ದರೆ ಮಾತಿಗೆ ಮಾತು ಬೆಳೆಯುತ್ತದೆ, ನಷ್ಟ ಸಂಘದ ತಲೆಗೆ ಬರುತ್ತದೆ. ಹಾಲು ತಣಿಯಲು ಎರಡು ವಾರದಿಂದ ದಿನೇ ದಿನೇ ಹೆಚ್ಚು ಹೊತ್ತು ಹಿಡಿಯುತ್ತಿದೆ ಎಂಬುದು ವರದಿಯಲ್ಲಿ ಕಂಡರೆ, ಯಂತ್ರ ನಿಲ್ಲುವ ಮೊದಲೇ ತಂತ್ರಜ್ಞರನ್ನು ಕರೆಸಬಹುದು.

ತೊಂದರೆ ಬರುವುದು ಇಲ್ಲಿ: ಸಂಘದ ಕಂಪ್ಯೂಟರಿನಲ್ಲಿ ಚೆನ್ನಾಗಿ ಕಂಡ ವರದಿ ಒಕ್ಕೂಟದ ಕಂಪ್ಯೂಟರಿನಲ್ಲೋ ತಂತ್ರಜ್ಞರ ಮೊಬೈಲಿನಲ್ಲೋ ಇಂಗ್ಲಿಷ್ ಅಕ್ಷರಗಳ ರಾಶಿಯಾಗಿ ತೆರೆದುಕೊಳ್ಳುತ್ತದೆ. ಫೈಲು ಕೆಟ್ಟಿರುವುದಿಲ್ಲ. ನುಡಿ ಮತ್ತು ಬರಹ ತಂತ್ರಾಂಶಗಳ ಹಳೆಯ ಪದ್ಧತಿಯಲ್ಲಿ ಕಂಪ್ಯೂಟರು ಒಳಗೆ ಇಂಗ್ಲಿಷ್ ಅಕ್ಷರಗಳ ಸಂಕೇತವನ್ನೇ ಇಟ್ಟುಕೊಳ್ಳುತ್ತದೆ. ಅದಕ್ಕೆ ಕನ್ನಡದ ರೂಪ ಕೊಡುವುದು ಫಾಂಟ್. ಆ ಫಾಂಟ್ ಇಲ್ಲದ ಕಡೆ ಬಣ್ಣ ಬಯಲಾಗುತ್ತದೆ. ಯೂನಿಕೋಡ್‌ನಲ್ಲಿ ಹಾಗಲ್ಲ, ಪ್ರತಿ ಕನ್ನಡ ಅಕ್ಷರಕ್ಕೂ ಅದರದೇ ಸಂಖ್ಯೆ ಇದೆ, ಅದು ಎಲ್ಲ ಯಂತ್ರಗಳಲ್ಲೂ ಒಂದೇ. ನೀವು ಮೊಬೈಲಿನಲ್ಲಿ ವಾಟ್ಸಾಪ್‌ಗೆ ಬರೆಯುವ ಕನ್ನಡ ಯೂನಿಕೋಡ್. ನುಡಿಯಲ್ಲೂ ಈಗ ಯೂನಿಕೋಡ್ ಆಯ್ಕೆ ಇದೆ, ಅದನ್ನೇ ಆರಿಸಿಕೊಳ್ಳಿ.

ಇನ್ನು ಯಾವ ತಂತ್ರಾಂಶ? ಹಣ ಕೊಟ್ಟು ಕೊಳ್ಳಲೇಬೇಕೆಂದಿಲ್ಲ. ಲಿಬ್ರೆ ಆಫೀಸ್ ಉಚಿತ. 2010ರಲ್ಲಿ ಓಪನ್ ಆಫೀಸ್‌ನಿಂದ ಕವಲೊಡೆದ ಇದು ವಿಂಡೋಸ್, ಲಿನಕ್ಸ್, ಮ್ಯಾಕ್ ಮೂರರಲ್ಲೂ ನಡೆಯುತ್ತದೆ. ಪತ್ರ ಬರೆಯಲು ರೈಟರ್, ಲೆಕ್ಕದ ಪಟ್ಟಿಗೆ ಕ್ಯಾಲ್ಕ್. ಇಂಟರ್ನೆಟ್ ಇಲ್ಲದೆಯೂ ಕೆಲಸ ಮಾಡುವುದು ನಮ್ಮ ಹಳ್ಳಿಗಳಿಗೆ ದೊಡ್ಡ ಅನುಕೂಲ. ಬರೆದಿಟ್ಟು, ಸಿಗ್ನಲ್ ಸಿಕ್ಕಾಗ ಕಳಿಸಿದರಾಯಿತು. ಮೊಬೈಲಿನಲ್ಲಿ ತಿದ್ದುವುದಾದರೆ ಇದರದೇ ತಳಹದಿಯ ಕೊಲಾಬೊರಾ ಆಫೀಸ್ ಇದೆ. ಲಿಬ್ರೆ ಆಫೀಸ್ ಫೈಲು ಉಳಿಸುವ ಓಡಿಎಫ್ ಎಂಬ ಮುಕ್ತ ಮಾದರಿ 2006ರಿಂದ ಅಂತರರಾಷ್ಟ್ರೀಯ ಮಾನಕವಾಗಿದೆ. ಒಕ್ಕೂಟದಲ್ಲಿ ಎಕ್ಸೆಲ್ ಬಳಸುತ್ತಿದ್ದರೆ ಆ ಮಾದರಿಯಲ್ಲೂ ಉಳಿಸಲು ಬರುತ್ತದೆ. ನನ್ನ ಅಭಿಪ್ರಾಯದಲ್ಲಿ ತಂತ್ರಾಂಶದ ಹೆಸರಿಗಿಂತ, ಎಲ್ಲ ಸಂಘಗಳೂ ಒಂದೇ ನಮೂನೆಯ ಪಟ್ಟಿ ತುಂಬುವುದು ಹೆಚ್ಚು ಮುಖ್ಯ.

ಪಟ್ಟಿಯಲ್ಲಿ ಪ್ರತಿ ಹೊತ್ತಿಗೆ ಒಂದು ಸಾಲು ಸಾಕು. ಹಾಲು ಸುರಿದ ಸಮಯ, ಲೀಟರ್, ಆಗಿನ ಉಷ್ಣಾಂಶ, 4 ಡಿಗ್ರಿ ಮುಟ್ಟಿದ ಸಮಯ, ಕರೆಂಟು ಹೋದದ್ದು ಬಂದದ್ದು, ಜನರೇಟರ್ ಓಡಿದ ಗಂಟೆ, ಟ್ಯಾಂಕರಿಗೆ ತುಂಬುವಾಗಿನ ಉಷ್ಣಾಂಶ, ತೊಳೆದ ವಿವರ. ಉಷ್ಣಾಂಶದ ಕಾಲಮ್ಮಿನಲ್ಲಿ 4 ಎಂದಷ್ಟೇ ಬರೆಯಿರಿ. "4 ಡಿಗ್ರಿ" ಎಂದು ಬರೆದರೆ ಕಂಪ್ಯೂಟರು ಅದನ್ನು ಅಂಕಿ ಎಂದು ಎಣಿಸದೆ ಪದ ಎಂದುಕೊಳ್ಳುತ್ತದೆ, ಸರಾಸರಿ ಬರುವುದಿಲ್ಲ. ಡಿಗ್ರಿ ಎಂಬುದು ತಲೆಬರಹದಲ್ಲಿರಲಿ. ಸಂಜೆ ಏಳು ಗಂಟೆಯನ್ನು 19:00 ಎಂದು ನಮೂದಿಸಿ.

ತಾರೀಕಿನ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ನಾವು 5/6/2025 ಎಂದು ಬರೆದರೆ ಜೂನ್ 5. ಅಮೆರಿಕದ ಪದ್ಧತಿಗೆ ಹೊಂದಿಸಿದ ಕಂಪ್ಯೂಟರಿನಲ್ಲಿ ಅದೇ ಮೇ 6 ಆಗಿಬಿಡುತ್ತದೆ, ಒಂದು ತಿಂಗಳ ದಾಖಲೆಯೇ ಅಡ್ಡಾದಿಡ್ಡಿ. ವರ್ಷ ಮೊದಲು ಇಟ್ಟು 2025-06-05 ಎಂದು ಬರೆದರೆ ಗೊಂದಲವಿಲ್ಲ.

ಪಟ್ಟಿಯ ಫೋಟೋ ತೆಗೆದು ಕಳಿಸುವ ರೂಢಿಯೂ ಇದೆ. ತುರ್ತಿಗೆ ಸರಿ, ಆದರೆ ಆ ಅಂಕಿಗಳನ್ನು ಅಲ್ಲಿ ಯಾರಾದರೂ ಮತ್ತೆ ಟೈಪ್ ಮಾಡಬೇಕು, ತಪ್ಪು ನುಸುಳುವುದು ಅಲ್ಲೇ. ಲೆಕ್ಕಕ್ಕೆ ಪಟ್ಟಿಯ ಫೈಲನ್ನೇ ಕಳಿಸಿ. ತಿಂಗಳ ಕೊನೆಗೆ ಸಹಿಯಾಗಬೇಕಾದ ವರದಿಯನ್ನು ಮಾತ್ರ ಪಿಡಿಎಫ್ ಮಾಡಿ. ಅದರಲ್ಲಿ ಫಾಂಟ್ ಕೂಡ ಒಳಗೇ ಸೇರಿರುವುದರಿಂದ ಎಲ್ಲಿ ತೆರೆದರೂ ಸಾಲು ಕದಲುವುದಿಲ್ಲ.

ಕೈಬರಹದ ಪುಸ್ತಕವನ್ನು ಬಿಡಬೇಡಿ. ಕರೆಂಟು ಹೋದ ಗಳಿಗೆಯನ್ನು ಬರೆಯಬೇಕಾದಾಗ ಕಂಪ್ಯೂಟರಿಗೂ ಕರೆಂಟು ಇರುವುದಿಲ್ಲವಲ್ಲ! ಪುಸ್ತಕ ನೋಡಿ ದಿನಕ್ಕೊಮ್ಮೆ ಪಟ್ಟಿ ತುಂಬಿ, ವಾರಕ್ಕೊಮ್ಮೆ ಪೆನ್‌ಡ್ರೈವ್‌ಗೆ ನಕಲು ಮಾಡಿಡಿ. ಆಡಳಿತ ಮಂಡಳಿಯ ಸದಸ್ಯೆಯರು ಸಭೆಯಲ್ಲಿ ಬಟವಾಡೆ ಲೆಕ್ಕ ಕೇಳುವಂತೆಯೇ, ಈ ಪಟ್ಟಿಯನ್ನೂ ತಮ್ಮ ಮೊಬೈಲಿಗೆ ತರಿಸಿಕೊಂಡು ನೋಡಬಹುದು. ಅಲ್ಲಿ ಅಕ್ಷರ ಸರಿಯಾಗಿ ಕಂಡರೆ ಡೇರಿಯಲ್ಲೂ ಕಾಣುತ್ತದೆ.